ಹೊಸ್ತಿಲ ಬ್ಲಾಕ್‌ಗಳ ಸವಕಳಿ ಪರೀಕ್ಷೆ

೨೦೫೮ರ ಯುಗಾದಿ ಕಳೆದ ಮರುವಾರ ಸಂತೆಪೇಟೆ ಓಣಿಯಲ್ಲಿ ಕೆಲಸ ನಡೆದ ಕ್ರಮ ಹೀಗಿತ್ತು: ಮೊದಲು ರಸ್ತೆ ಅಗಲೀಕರಣಕ್ಕಾಗಿ ಮನೆಗಳನ್ನು ಕೆಡವಿದರು, ಅನಂತರ ಕಣಸಂಯೋಜಕ ಯಂತ್ರ ಬಂದು ಆ ಅವಶೇಷವನ್ನೆಲ್ಲ ನುಂಗಿತು, ಸಂಜೆಯ ಹೊತ್ತಿಗೆ ಅದರ ಇನ್ನೊಂದು ತುದಿಯಿಂದ ಪೇವರ್ ಬ್ಲಾಕ್‌ಗಳು ಒಂದರ ಹಿಂದೊಂದು ಹೊರಬಿದ್ದವು.

ಯಂತ್ರವನ್ನು ರೂಪಿಸಿದವಳು ವಸ್ತುವಿಜ್ಞಾನಿ ಮೃಣಾಲ ಹಂಚಿನಾಳ. ಅದು ಪ್ರತಿ ಚೂರಿನ ಮೇಲೂ ಬೆಳಕು ಹಾಯಿಸಿ ಗಡಸುತನವನ್ನು ಅರಿಯುತ್ತಿತ್ತು. ಒಂದೇ ಗುಣದ ಚೂರುಗಳನ್ನು ಒಟ್ಟುಗೂಡಿಸಿ, ಸಿಮೆಂಟೂ ಬೆಂಕಿಯೂ ಇಲ್ಲದೆ, ಕೇವಲ ಧ್ವನಿಕಂಪನದಿಂದ ಬೆಸೆಯುತ್ತಿತ್ತು. ಆ ಓಣಿಯಲ್ಲಿ ಎಲ್ಲಕ್ಕಿಂತ ಗಟ್ಟಿಯೆಂದು ಅದು ಗುರುತಿಸಿದ್ದು ಮನೆಗಳ ಹೊಸ್ತಿಲ ಕಲ್ಲನ್ನು. ಅದರಿಂದಾದ ಬ್ಲಾಕ್‌ಗಳನ್ನೇ ಮೃಣಾಲ ಜನ ಹೆಚ್ಚು ಓಡಾಡುವ ಪೇಟೆಯ ಬಾಯಿಯಲ್ಲಿ ಮೊಳದಗಲದ ಪಟ್ಟಿಯಾಗಿ ಹಾಸಿಸಿದಳು. ಉದ್ಘಾಟನೆಯ ದಿನ, ಅವು ಯಾವುದರಿಂದ ಆದವೆಂದು ಜನರಿಗೆ ಬಿಡಿಸಿ ಹೇಳಿದಳು. ವಿಜ್ಞಾನದಲ್ಲಿ ಮುಚ್ಚುಮರೆ ಸಲ್ಲದೆಂಬುದು ಅವಳ ನಿಲುವು.

ನಗರಸಭೆ ಒಂದು ಷರತ್ತು ಹಾಕಿತ್ತು. ಬ್ಲಾಕ್‌ಗಳು ವರ್ಷವಿಡೀ ಜನರ ತುಳಿತ ತಾಳಿಕೊಂಡರೆ ಊರಿನ ಕಟ್ಟಡ ಅವಶೇಷವೆಲ್ಲ ಯಂತ್ರಕ್ಕೆ. ಇಲ್ಲವಾದರೆ ಎಂದಿನಂತೆ ಕೆಂಚನಕೆರೆಗೆ ಸುರಿಯುವುದು. ಕೆರೆ ಆಗಲೇ ಅರ್ಧ ಹೂತುಹೋಗಿತ್ತು.

ವರ್ಷ ತುಂಬಿತು. ಪಟ್ಟಿಯ ಅಡಿಯಲ್ಲಿ ಹುದುಗಿಸಿದ್ದ ಭಾರಗ್ರಾಹಕ ಒಂದು ಹೆಜ್ಜೆಯನ್ನೂ ದಾಖಲಿಸಿರಲಿಲ್ಲ. ಉಪಕರಣ ಕೆಟ್ಟಿರಬೇಕೆಂದು ಮೃಣಾಲ ತಾನೇ ನೋಡಲು ಬಂದಳು. ಉಪಕರಣ ಸರಿಯಾಗಿಯೇ ಇತ್ತು. ಬ್ಲಾಕ್‌ಗಳ ಮೇಲೆ ಅರಿಶಿನ ಕುಂಕುಮವಿತ್ತು. ಪಕ್ಕದಲ್ಲಿ ಸೊಪ್ಪು, ತಪ್ಪಲಪಲ್ಯ ಮಾರುವ ನೀಲವ್ವ ಕುಳಿತಿದ್ದಳು. ಕೆಡವಿದ ಮನೆಗಳಲ್ಲಿ ಅವಳದೂ ಒಂದು.

“ನೀಲವ್ವಾ, ಇದರ ಮ್ಯಾಲೆ ಯಾರೂ ಅಡ್ಡಾಡಂಗಿಲ್ಲೇನ?”

“ಹೊಸ್ತಲಾ ತುಳದ್ರ ಹೆಂಗ್ರಿ ಅಕ್ಕಾರ? ದಾಟಿ ಹೋಗ್ತಾರ.”

“ಈಗದು ಹೊಸ್ತಲಲ್ಲ ಯವ್ವಾ, ಬ್ಲಾಕ್.”

“‘ನಿಮ್ಮ ಹೊಸ್ತಲದ್ದ’ ಅಂತ ನೀವ ಹೇಳಿದ್ರಲ್ಲ. ನಮಗೇನ ಕನಸು ಬಿದ್ದಿತ್ತ? ಕುಡದು ಬಂದಾಂವ ಸುದ್ದಾ ಕಾಲೆತ್ತಿ ದಾಟ್ತಾನ. ಅದನ್ನ ನೋಡಾಕ ನಾವು ಕಾಯ್ಕೊಂಡು ಕುಂದರ್ತೀವಿ.”

“ಹಂಗಂದ್ರ ಕೆರಿ ಹೋತು. ನೀ ಒಮ್ಮೆ ತುಳದು ತೋರ್ಸು. ನಿನ್ನ ನೋಡಿ ಉಳದವರೂ ತುಳೀತಾರ.”

“ಕೆರಿ ನನಗೂ ಬೇಕ್ರಿ. ಈ ಪಲ್ಯಾ ಅದರ ನೀರಾಗ ಬೆಳದದ್ದ.” ನೀಲವ್ವ ಮೆಂತ್ಯದ ಸಿವುಡಿಗೆ ನೀರು ಚಿಮುಕಿಸಿದಳು. “ನೀವು ಕಲತವರು. ಮೊದಲ ನೀವ ತುಳೀರಲ್ಲ.”

ಮೃಣಾಲ ಧೈರ್ಯವಾಗಿ ಹೆಜ್ಜೆ ಹಾಕಿದಳು. ಆಚೆ ಬದಿಯಲ್ಲಿ ನಿಂತು ಹಿಂತಿರುಗಿದಾಗ ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮೃಣಾಲ ಮತ್ತೆ ಈಚೆ ಬಂದಳು, ಈ ಸಲ ಕಾಲನ್ನೇ ನೋಡಿಕೊಂಡು. ಭಾರಗ್ರಾಹಕದ ಸೊನ್ನೆ ಕದಲಲಿಲ್ಲ.

ಸವಕಳಿ ಸೊನ್ನೆ ಎಂದಷ್ಟೇ ಬರೆದಿದ್ದರೆ ನಗರಸಭೆ ಒಪ್ಪುತ್ತಿತ್ತು, ಕೆರೆ ಉಳಿಯುತ್ತಿತ್ತು. ಅವಳು ಬರೆದ ನಿಷ್ಕರ್ಷೆ ಇದು: ಬ್ಲಾಕ್‌ಗಳ ತಾಳಿಕೆ ಸಾಬೀತಾಗಿಲ್ಲ; ಪರೀಕ್ಷಕಿಯೂ ಸೇರಿದಂತೆ ಅವುಗಳನ್ನು ಯಾರೊಬ್ಬರೂ ತುಳಿದಿಲ್ಲ.