ಬದರಿ ಆಚಾರ್ಯನ ಎರಡನೆಯ ರಿಪೋರ್ಟು

ಬಂಗಾಲಿ ಟೋಲಾದ ಗಲ್ಲಿಯಲ್ಲಿ, ತನ್ನ ಮನೆಯ ಹೊಸ್ತಿಲ ಮೇಲೆಯೇ ಬದರಿ ಆಚಾರ್ಯ ಕುಸಿದುಬಿದ್ದಿದ್ದ. ಹಾಲಿನವನು ಮುಟ್ಟಿ ನೋಡಿದಾಗ ಮೈ ತಣ್ಣಗಾಗಿತ್ತು. ಹೃದಯಾಘಾತ. ವಯಸ್ಸು ನಲವತ್ತಾರು. ಕಾಶಿಯಲ್ಲಿ ಸಾಯುವುದು ಪುಣ್ಯವಂತೆ. ಆ ಪುಣ್ಯಕ್ಕೆ ಇಷ್ಟೇಕೆ ಅವಸರ?

ಐದನೆಯ ದಿನ ಮಹಾಂತಯ್ಯ ಮಾತಾಡಿಸಲು ಬಂದ. ಕನ್ನಡಿಗರ ಮಠದ ದವಾಖಾನೆಯಲ್ಲಿ ಮೂವತ್ತು ವರ್ಷ ರಕ್ತ ಪರೀಕ್ಷೆ ಮಾಡಿದವನು. ಬದರಿಯ ಹೆಂಡತಿ ವನಮಾಲಾ ಎರಡು ಕಾಗದ ಮುಂದಿಟ್ಟಳು.

"ನಾನಽ ಕೊಂದೆ ಅಯ್ಯನೋರೆ. ಎರಡನೇ ರಿಪೋರ್ಟ್ ಚಲೋ ಬಂತು ಅಂತ ಗುಳಿಗಿ ನಿಲ್ಲಿಸಿಬಿಟ್ಟೆ."

ಮೊದಲನೆಯದರಲ್ಲಿ ಕೆಟ್ಟ ಕೊಲೆಸ್ಟರಾಲ್ ಇನ್ನೂರ ಹನ್ನೆರಡು. ತಿಂಗಳ ನಂತರ ಎಪ್ಪತ್ತೆಂಟು. ದಿನಾ ತುಪ್ಪ ಸುರಿದುಕೊಂಡು ಉಣ್ಣುವ ಮನುಷ್ಯನಿಗೆ, ಬರೀ ಗುಳಿಗೆಯಿಂದ ಇಷ್ಟು?

"ಊಟ ಕಡಿಮಿ ಮಾಡಿದ್ರೇನು?"

"ಅದೆಂಗ್ರೀ? ಪಿತೃಸ್ಥಾನಕ್ಕ ಕೂತು ಉಣ್ಣೋದಽ ಅವರ ಕಸಬು. ಶ್ರಾದ್ಧದ ಎಲಿ ಮುಂದ ಕೂತವರು ಸಾಕು ಅನ್ನಂಗಿಲ್ಲ. ಸತ್ತವರ ಹಸಿವು ಹಂಗಽ ಉಳೀತದ."

ಮಹಾಂತಯ್ಯ ತಾರೀಖಿನ ಮೇಲೆ ಬೆರಳಿಟ್ಟ. "ಆ ದಿನ ಎಲ್ಲಿದ್ರು?"

"ಅಮಾಸಿ. ಗದಗಿನವರ ಶ್ರಾದ್ಧ. ಹನ್ನೆರಡಕ್ಕ ಕೂತವರು ಮೂರಕ್ಕ ಎದ್ರು. ಬಡಿಸಿದಾಕಿ ನಾನಽ."

\* \* \*

ಕಾಶಿಯದೇ ಲಂಕಾ ಪೇಟೆಯ ಲ್ಯಾಬಿನಲ್ಲಿ ಶೀಷೆ ಅದಲುಬದಲಾಗಿರಬೇಕು ಎಂದೇ ಮಹಾಂತಯ್ಯನ ಗುಮಾನಿ. ಲ್ಯಾಬಿನವನು ಕೆರಳಿದ. "ಬಾಬಾ, ಮಶೀನ್ ಝೂಠ್ ನಹೀಂ ಬೋಲ್ತೀ!"

ಮಶೀನು ಸುಳ್ಳು ಹೇಳಿರಲಿಲ್ಲ. ಆ ದಿನ ಬಂದಿದ್ದ ಗಂಡಸು ಒಬ್ಬನೇ. ರಿಜಿಸ್ಟರಿನಲ್ಲಿ ಹೆಸರು ಬದರಿಯದು. ರಕ್ತ ಕೊಟ್ಟ ಹೊತ್ತು ಮಧ್ಯಾಹ್ನ ಒಂದೂ ಇಪ್ಪತ್ತು. ಪಕ್ಕದಲ್ಲೊಂದು ಮೊಬೈಲ್ ನಂಬರು. ಮಹಾಂತಯ್ಯ ಅದನ್ನು ಒತ್ತಿದ.

"ಹಲೋ, ಯಾರ್ರೀ?"

ಬದರಿಯ ತಮ್ಮ ನಂದನ. ಮೂವತ್ತೆರಡರ ಕಡ್ಡಿ ಪೈಲ್ವಾನ.

\* \* \*

ಸಂಜೆ ಮೂವರೂ ಪಡಸಾಲೆಯಲ್ಲಿ ಕೂತರು.

"ಒಂದೂ ಇಪ್ಪತ್ತಕ್ಕ ನಿಮ್ಮಣ್ಣ ಎಲಿ ಮುಂದ," ಎಂದ ಮಹಾಂತಯ್ಯ. "ಎರಡು ಕಡೆ ಇರಾಕ ಅವನೇನು ದೇವರಲ್ಲ. ಹೆಸರು ಅವಂದು, ನಂಬರು ನಿಂದು. ರಕ್ತಾನೂ ನಿಂದಽ. ಹೌದಿಲ್ಲೋ?"

ನಂದನ ಅತ್ತಿಗೆಯ ಎದುರು ತಲೆ ಎತ್ತಲಿಲ್ಲ. "ಅಣ್ಣನಽ ಕಾಲು ಹಿಡಕೊಂಡ, ವೈನಿ. ಈ ಸಲಾನೂ ಕೆಟ್ಟ ಬಂದ್ರ ನಿಮ್ಮ ವೈನಿ ಶ್ರಾದ್ಧಕ್ಕ ಬಿಡಂಗಿಲ್ಲಂದ. ರೋಗಿಷ್ಠನ್ನ ಪಿತೃಸ್ಥಾನಕ್ಕ ಯಾರು ಕರೀತಾರಂದ. ಗುಳಿಗಿ ತಗೋತಾನಲ್ಲ, ಏನಾಗ್ತದ ಅಂತ ನಾ ತೋಳು ಕೊಟ್ಟೆ. ನಿಲ್ಲಿಸಿದ್ದು ನನಗ ಗೊತ್ತಿರಲಿಲ್ಲ."

ಮಹಾಂತಯ್ಯ ವನಮಾಲಾಳ ಕಡೆ ತಿರುಗಿದ. ಇದನ್ನು ಹೇಳಲೆಂದೇ ಲಂಕಾವರೆಗೆ ಹೋಗಿಬಂದಿದ್ದ. "ಕೇಳಿದ್ಯಾ ತಂಗಿ? ನಿನ್ನ ತಪ್ಪಲ್ಲ. ಸುಳ್ಳು ಕಾಗದ ನಂಬಿದಿ, ಅಷ್ಟ."

ಅವಳು ಎರಡೂ ಕಾಗದ ಮಡಚಿಟ್ಟಳು.

"ಗುಳಿಗಿ ಡಬ್ಬಿ ಒಗೀವಾಗ ಅವರು ಬಾಜೂಕ ನಿಂತಿದ್ರು. ಎಲ್ಲಾ ಗೊತ್ತಿದ್ದೂ ನಕ್ಕೋತ ನಿಂತಿದ್ರು," ಎಂದಳು. ಆಮೇಲೆ ಗೋಡೆಗೆ ಒರಗಿದಳು. "ನಾನಽ ಕೊಂದೆ ಅನ್ಕೊಂಡಿದ್ದೆ. ಅದಽ ಚಲೋ ಇತ್ತು, ಅಯ್ಯನೋರೆ."