ಎಸ್ತೇರವ್ವನ ವ್ಯರ್ಥ ಚಲನೆಗಳು

ಸುಗಂಧಾಳ ಕೈಗಳು ತಮ್ಮಷ್ಟಕ್ಕೆ ತಾವೇ ಕರ್ಚಿಕಾಯಿ ಕಟ್ಟುತ್ತಿದ್ದವು. ಉಂಡೆ ಲಟ್ಟಿಸಿ, ನಡುವೆ ಕೊಬ್ಬರಿಯ ಹೂರಣ ಇಟ್ಟು, ಅರ್ಧಕ್ಕೆ ಮಡಿಚಿ, ಅಂಚನ್ನು ಒತ್ತಿ ತಿರುವಿ, ಒತ್ತಿ ತಿರುವಿ, ಜಡೆ ಹೆಣೆದಂತೆ ಹೆಣೆದು ತಟ್ಟೆಗಿಡುತ್ತಿದ್ದವು. ಅವಳು ಸುಮ್ಮನೆ ನಿಂತು ನೋಡುತ್ತಿದ್ದಳು. ತವರಿನಲ್ಲಿ ಅವಳು ಕಟ್ಟಿದ ಕರ್ಚಿಕಾಯಿ ಎಣ್ಣೆಗೆ ಬಿದ್ದೊಡನೆ ಬಾಯಿ ಬಿಡುತ್ತಿತ್ತೆಂಬುದು ಬಳಗಕ್ಕೆಲ್ಲ ಗೊತ್ತಿದ್ದ ಮಾತು. ಇಂದು ಆ ಕೈಗಳ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಗವಸು ಇತ್ತು. ಜುಲೈ ತಿಂಗಳಲ್ಲಿ ತೀರಿಹೋದ ಅತ್ತೆ ಎಸ್ತೇರವ್ವನ ಕೈಗಳ ನೆನಪು ಆ ಗವಸಿನಲ್ಲಿತ್ತು.

ಅದರ ಹೆಸರು ತಂತುಗವಸು. ಕೂದಲಿಗಿಂತ ಸಣ್ಣ ಸಾವಿರಾರು ಎಳೆಗಳಿಂದ ಅದನ್ನು ನೇಯ್ದಿರುತ್ತಾರೆ. ವಿದ್ಯುತ್ತು ಹರಿದಾಗ ಆ ಎಳೆಗಳು ಸ್ನಾಯುಗಳ ಹಾಗೆ ಬಿಗಿಯುತ್ತವೆ, ಸಡಿಲುತ್ತವೆ. ಕೆಲಸ ಬಲ್ಲವರು ಒಮ್ಮೆ ಅದನ್ನು ತೊಟ್ಟು ದುಡಿದರೆ ಸಾಕು, ಪ್ರತಿ ಬೆರಳಿನ ಬಾಗು, ಒತ್ತಡ, ವೇಗ ಎಲ್ಲವೂ ಎಳೆಗಳಲ್ಲಿ ಉಳಿಯುತ್ತವೆ. ಈ ಉಳಿಕೆಗೆ ಹಸ್ತಸ್ಮೃತಿ ಎನ್ನುತ್ತಾರೆ. ಮುಂದೆ ಬೇರೆ ಯಾರೇ ತೊಟ್ಟರೂ ಗವಸು ಅವರ ಕೈಯನ್ನು ಅದೇ ದಾರಿಯಲ್ಲಿ ನಡೆಸುತ್ತದೆ.

ಇದನ್ನು ಕಂಡುಹಿಡಿದವರು ಧಾರವಾಡದ ಡಾ. ಅನಸೂಯಾ ಹೆಬ್ಬಳ್ಳಿ. ನೇಕಾರರ ಕೈಚಳಕ ಅಳಿಯಬಾರದೆಂದು ಎರಡು ವರ್ಷದ ಹಿಂದೆ ಅವರು ಬೆಟಗೇರಿಗೆ ಬಂದಿದ್ದರು. ಆಯುಷ್ಯವನ್ನೆಲ್ಲ ಮಗ್ಗದ ಮುಂದೆ ಕಳೆದ ಎಸ್ತೇರವ್ವ ಗವಸನ್ನು ತಿರುಗಿಸಿ ಮುರುಗಿಸಿ ನೋಡಿ, "ಮಗ್ಗದ ಸಹವಾಸ ಸಾಕಾಗೇತಿ. ಹಿಡಕೊಳ್ಳೂದಿದ್ರ ನನ್ನ ಕರ್ಚಿಕಾಯಿ ಹಿಡಕೋರಿ" ಎಂದುಬಿಟ್ಟಿದ್ದಳು. ಕ್ರಿಸ್ಮಸ್ಸಿನ ಹಿಂದಿನ ದಿನ ಮಗ, ಸೊಸೆ, ಮೊಮ್ಮಕ್ಕಳನ್ನು ಹಾಡಿನ ತಾಲೀಮಿಗೆಂದು ಚರ್ಚಿಗೆ ಅಟ್ಟಿ, ಡಾಕ್ಟರನ್ನು ಪಡಸಾಲೆಯಲ್ಲಿ ಚಹಾ ಕೊಟ್ಟು ಕೂರಿಸಿ, ಗವಸು ತೊಟ್ಟು ಅಡಿಗೆಮನೆಯ ಬಾಗಿಲು ಹಾಕಿಕೊಂಡಳು. ಕ್ಯಾಮೆರಾ ಒಳಗೆ ಬರಕೂಡದೆಂದು ಖಡಾಖಂಡಿತ ಹೇಳಿದ್ದಳು. ಹಾಗಾಗಿ ಕೈ ಏನು ಮಾಡಿತೆಂಬುದಷ್ಟೇ ಗವಸಿಗೆ ಗೊತ್ತಿತ್ತು.

ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. "ಇನ್ನೊಬ್ರ ಕೈ ಹತ್ತಿದ್ರ ಹದ ಕೆಡತೈತಿ" ಎಂಬುದು ಎಸ್ತೇರವ್ವನ ಹಳೆಯ ಶಾಸನ. ಮದುವೆಯಾಗಿ ಬಂದ ಮೊದಲ ಕ್ರಿಸ್ಮಸ್ಸಿನಲ್ಲಿ ಸುಗಂಧಾ ಆಸೆಯಿಂದ ಹಿಟ್ಟಿಗೆ ಕೈ ಹಾಕಲು ಹೋಗಿ ಆ ಮಾತು ಕೇಳಿಸಿಕೊಂಡಿದ್ದಳು. ಆಮೇಲೆ ಎಂದೂ ಹತ್ತಿರ ಹೋಗಲಿಲ್ಲ.

ಈಗ ಪೇಟೆಯಲ್ಲಿ ಅಚ್ಚುಯಂತ್ರಗಳು ಬೇಕಾದ ಆಕಾರದ, ಬೇಕಾದ ರುಚಿಯ ಕರ್ಚಿಕಾಯಿಯನ್ನು ಮಳೆಯಂತೆ ಸುರಿಸುತ್ತವೆ. ಹಬ್ಬದ ತಿಂಡಿಯ ಚಿಂತೆ ಯಾರಿಗೂ ಇಲ್ಲ. ಸುಗಂಧಾಳ ಚಿಂತೆಯೇ ಬೇರೆ. ಅಜ್ಜಿ ಹೋದ ಮೇಲೆ ಎಂಟು ವರ್ಷದ ಮಗಳು ಹನ್ನಾ ಅಡಿಗೆಮನೆಯ ಹೊಸ್ತಿಲು ತುಳಿದಿರಲಿಲ್ಲ. ಒಮ್ಮೆಯೂ ಅತ್ತಿರಲಿಲ್ಲ, ಅಜ್ಜಿಯ ಹೆಸರನ್ನೂ ಎತ್ತಿರಲಿಲ್ಲ. ತಟ್ಟೆಯನ್ನು ಪಡಸಾಲೆಗೇ ಒಯ್ದು ಉಣ್ಣುತ್ತಿದ್ದಳು. ಅಜ್ಜಿಯ ಕೈಯ ಕ್ರಿಸ್ಮಸ್ ಮನೆಗೆ ಬಂದರೆ ಮಗಳೂ ಒಳಗೆ ಬಂದಾಳೆಂದು ತಾಯಿಯ ಆಸೆ.

ಮೊದಲ ಕರ್ಚಿಕಾಯಿಗಳು ಎಣ್ಣೆಯಿಂದ ಮೇಲೆದ್ದವು. ಒಂದೂ ಬಾಯಿ ಬಿಟ್ಟಿರಲಿಲ್ಲ. ಪಡಸಾಲೆಯಲ್ಲಿ ಹನ್ನಾ ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಜೋಡಿಸುವ ನೆವದಲ್ಲಿ ಹುಲ್ಲು ಹರಡಿಕೊಂಡು ಕುಳಿತಿದ್ದಳು. ಆರು ವರ್ಷದ ತಮ್ಮ ಯೋನಾ ಮಣ್ಣಿನ ಕತ್ತೆಯೊಂದಕ್ಕೆ ಐದನೆಯ ಕಾಲು ಅಂಟಿಸುತ್ತಿದ್ದ. ಸುಗಂಧಾ ತಟ್ಟೆ ಮುಂದೆ ಹಿಡಿದಳು. ಯೋನಾ ಎರಡು ಕೈಯಲ್ಲೂ ಒಂದೊಂದು ಎತ್ತಿಕೊಂಡ. ಹನ್ನಾ ಒಂದನ್ನು ತೆಗೆದುಕೊಂಡು, ಅಂಚಿನ ಮೇಲೆ ಬೆರಳಾಡಿಸಿ, ತಿರುಗಿ ತಟ್ಟೆಗೇ ಇಟ್ಟಳು.

"ಇದು ಅಜ್ಜೀದಲ್ಲ" ಎಂದಳು.

"ಅಜ್ಜಿ ಕೈನs ಮಾಡೇತಲ್ಲವಾ!"

"ಅಲ್ಲ" ಎಂದು ಹುಡುಗಿ ಮುಖ ಗಂಟು ಹಾಕಿಕೊಂಡು ಹುಲ್ಲಿನ ಕಡೆ ತಿರುಗಿದಳು.

ಹಬ್ಬಕ್ಕೆಂದು ಕರೆಸಿಕೊಂಡಿದ್ದ ಡಾ. ಅನಸೂಯಾ ಅಡಿಗೆಮನೆಯಲ್ಲಿ ಬಿಸಿ ಕರ್ಚಿಕಾಯಿ ಊದಿ ಊದಿ ತಿನ್ನುತ್ತಿದ್ದರು. ಸುಗಂಧಾ ಒಳಗೆ ಬಂದವಳೇ ಕೇಳಿದಳು: "ಡಾಕ್ಟರ, ಖರೇ ಹೇಳ್ರಿ. ಇದರಾಗ ನಮ್ಮ ಅತ್ತಿ ಎಲ್ಲಾ ಅದಾಳೇನು?"

"ಎಲ್ಲಾ ಅಂದ್ರ, ಕೆಲಸ ಎಲ್ಲಾ ಅದರಿ. ವ್ಯರ್ಥ ಚಲನಿ ಅಷ್ಟs ತಗದೀನಿ."

"ಹಂಗಂದ್ರ?"

"ಮನುಷ್ಯಾರ ಕೈ ಮೂಗು ತುರಿಸ್ತದ, ಸೆರಗು ಸರಿ ಮಾಡ್ತದ. ಅದೆಲ್ಲಾ ನಿಮ್ಮ ಕೈಗೆ ಯಾಕ ಬೇಕು? ಸೋಸಿ ತಗೀಲಿಕ್ಕೆ ಚಲನಶೋಧಕ ಅಂತ ಒಂದು ವ್ಯವಸ್ಥಾ ಅದ. ನಿಮ್ಮ ಅತ್ತಿಯವರದು ಮಾತ್ರ..." ಡಾಕ್ಟರು ಸಂಕೋಚದಿಂದ ತಡವರಿಸಿದರು. "ಅರ್ಧಕ್ಕಿಂತ ಹೆಚ್ಚು ವ್ಯರ್ಥ ಇತ್ತು. ಹಿಟ್ಟು ಮುಟ್ಟೂದs ಇಲ್ಲ, ಕೈ ಗಾಳ್ಯಾಗ ಆಡ್ತದ. ವಯಸ್ಸಾಗಿತ್ತಲ್ರಿ."

"ಸೋಸಿದ್ದು ಬ್ಯಾಡ. ಮೊದಲಿಂದು ಹಾಕ್ರಿ."

"ಹಿಟ್ಟು ಕೆಡತದ."

"ಕೆಡ್ಲಿ ಬಿಡ್ರಿ" ಎಂದಳು ಸುಗಂಧಾ. ಹದ ಕೆಡುವ ಮಾತನ್ನು ಅವಳು ಸಾಕಷ್ಟು ಕೇಳಿದ್ದಳು.

ಡಾಕ್ಟರು ಗವಸಿನ ಮಣಿಕಟ್ಟಿನ ಗುಂಡಿ ಒತ್ತಿದರು. ಕೈಗಳು ಉಂಡೆ ಲಟ್ಟಿಸಿದವು, ಹೂರಣ ಇಟ್ಟವು, ಮಡಿಚಿದವು. ಮಡಿಚಿದ್ದನ್ನು ಕಟ್ಟೆಯ ಎಡತುದಿಗೆ ಸರಿಸಿ, ಅದರ ಮೇಲೆ ಬರಿಯ ಗಾಳಿಯನ್ನು ಹಿಡಿದವು. ಬೆರಳುಗಳು ಯಾವುದೋ ಪುಟ್ಟ ವಸ್ತುವಿನ ಸುತ್ತ ಬಾಗಿದ್ದವು. ಹಾಗೆಯೇ ಮೆಲ್ಲಗೆ ಒತ್ತಿ ತಿರುವಿದವು, ನಿಂತವು, ಬಹಳ ಹೊತ್ತು ಕಾದವು, ಹಿಂದೆ ಸರಿದು ಮತ್ತೆ ಒತ್ತಿದವು. ಕೊನೆಗೆ ಬಲಗೈಯ ತೋರುಬೆರಳು ಎದ್ದು, ಅಲ್ಲಿ ಏನೂ ಇಲ್ಲದ ಕಡೆ ಒಂದು ಸಲ ತಟ್ಟಿ ಕೆಳಗಿಳಿಯಿತು. ಕರ್ಚಿಕಾಯಿ ಕಟ್ಟದೆಯೇ ಬಿದ್ದಿತ್ತು.

"ಅವ್ವ ಕೋಳಿಮರಿ ಹಿಡ್ಯಾಕತ್ತಾಳ!" ಎಂದು ಬಾಗಿಲಲ್ಲಿ ನಿಂತ ಯೋನಾ ಕೇಕೆ ಹಾಕಿದ.

ಆ ಕೇಕೆಗೆ ಹನ್ನಾ ಬಂದಳು. ಹೊಸ್ತಿಲ ಆಚೆ ನಿಂತು ನೋಡಿದಳು. ಕೈಗಳು ಎರಡನೆಯ ಸಲ ಎಡಕ್ಕೆ ಹೊರಟಾಗ ಹುಡುಗಿ ಒಳಗೆ ಬಂದಳು. ಮೂಲೆಯ ಸ್ಟೂಲನ್ನು ಕಟ್ಟೆಯ ಎಡತುದಿಗೆ ಎಳೆದು ಹತ್ತಿ, ಆ ಖಾಲಿ ಹಿಡಿಯೊಳಗೆ ತನ್ನ ಬಲಗೈ ಇಟ್ಟಳು.

ಗವಸು ಮುಚ್ಚಿಕೊಂಡಿತು. "ಆಯ್!" ಎಂದು ಹುಡುಗಿ ಕೈ ಎಳೆದುಕೊಂಡಳು. ಬೆರಳುಗಳು ಕೆಂಪಗಾಗಿದ್ದವು. ಅವಳು ಅವನ್ನೇ ನೋಡಿದಳು, ಅವ್ವನ ಕೈ ನೋಡಿದಳು.

"ಅಜ್ಜಿ ಕೈ ಸಣ್ಣದಾಗೇತಿ" ಎಂದು ಹನ್ನಾ ಜೋರಾಗಿ ಅತ್ತುಬಿಟ್ಟಳು.

ಇಷ್ಟು ತಿಂಗಳ ಅಳು ಒಂದೇ ಸಲ ಬಂದಿತ್ತು. ಸುಗಂಧಾ ಗವಸಿನ ಕೈಯಲ್ಲೇ ಮಗಳನ್ನು ಅಪ್ಪಿ ಹಿಡಿದಳು. ಬಿಕ್ಕುಗಳ ನಡುವೆ ಕಥೆ ತುಂಡು ತುಂಡಾಗಿ ಹೊರಬಂತು. ಪ್ರತಿ ಕ್ರಿಸ್ಮಸ್ಸಿಗೂ ಹನ್ನಾ ತಾಲೀಮಿನಿಂದ ನುಸುಳಿ ಹಿತ್ತಲ ಬಾಗಿಲಿನಿಂದ ಬರುತ್ತಿದ್ದಳು. ಅಜ್ಜಿ ಅವಳ ಕೈಯನ್ನು ತನ್ನ ಕೈಯೊಳಗೆ ಹಿಡಿದು ಅಂಚು ಹೆಣೆಸುತ್ತಿದ್ದಳು. "ಯಾರಿಗೂ ಹೇಳಬ್ಯಾಡಂದಿದ್ಲು. ಗೊತ್ತಾದ್ರ ಎಲ್ಲಾರೂ ಕೈ ಹಾಕಾಕ ಬರ್ತಾರ ಅಂತ. ನಾ ಮಾತು ಕೊಟ್ಟಿದ್ನೆವ್ವಾ."

ಡಾ. ಅನಸೂಯಾ ಕಟ್ಟೆಗೆ ಒರಗಿ ನಿಂತರು. "ಆವತ್ತು ಈಕಿಗೆ ಆರು ವರ್ಷ. ಗವಸಿಗೆ ಗೊತ್ತಿರೂದು ಆ ಕೈ ಅಳತಿ" ಎಂದು ತಮಗೆ ತಾವೇ ಹೇಳಿಕೊಂಡರು. "ನಾನು ಮಗೂನ್ನ ಸೋಸಿ ಚೆಲ್ಲಿದ್ನಲ್ರಿ."

ಸುಗಂಧಾಳಿಗೆ ಹೊಟ್ಟೆಕಿಚ್ಚಾಗಲಿಲ್ಲವೆಂದರೆ ಸುಳ್ಳಾದೀತು. ಹತ್ತು ವರ್ಷ ಆ ಹಿಟ್ಟಿನಿಂದ ದೂರ ನಿಂತವಳು ಅವಳು. ಮಗಳಿಗೆ ಸಿಕ್ಕಿದ್ದು ತನಗೇಕೆ ಸಿಗಲಿಲ್ಲವೆಂದು ತನ್ನನ್ನೇ ಕೇಳಿಕೊಂಡಳು. ಆದರೂ ಅಳುವ ಮಗು ಅಡಿಗೆಮನೆಯಲ್ಲೇ ನಿಂತಿತ್ತು. ಅವಳಿಗೆ ಬೇಕಾಗಿದ್ದುದೂ ಅದೇ.

"ಎಳಿ ಸಡಲ ಮಾಡ್ಲೇನವಾ? ನಿನ್ನ ಕೈ ಹಿಡಸೂ ಹಂಗ?" ಎಂದು ಡಾಕ್ಟರು ಕೇಳಿದರು.

ಹನ್ನಾ ಮೂಗು ಒರೆಸಿಕೊಂಡು ಯೋಚಿಸಿದಳು. "ಬ್ಯಾಡ್ರಿ. ನನಗ ಬರತೈತಿ. ಯೋನಾನ ಕೈ ನನ್ನ ಆವತ್ತಿನ ಕೈಯಷ್ಟಾದ ಮ್ಯಾಲ ಅವಂಗ ಕಲಸ್ತೀನಿ ಅಂದಿದ್ಲು ಅಜ್ಜಿ." ಸ್ಟೂಲಿನಿಂದ ಇಳಿದು ತಮ್ಮನನ್ನು ಎತ್ತಿ ಹತ್ತಿಸಿದಳು. "ಕೈ ತೊಳದಿಯೇನಲೇ?"

ಯೋನಾ ತೊಳೆದಿರಲಿಲ್ಲ. ತೊಳೆಸಿಕೊಂಡು ಬಂದು ಖಾಲಿ ಹಿಡಿಯೊಳಗೆ ಕೈ ಇಟ್ಟ. ಗವಸು ಮುಚ್ಚಿಕೊಂಡಿತು. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂತಿತು.

ಒತ್ತಿ ತಿರುವಿ, ಒತ್ತಿ ತಿರುವಿ, ಅಂಚು ಹೆಣೆಯುತ್ತ ಹೋಯಿತು. ನಡುವೆ ಕೈಗಳು ನಿಂತವು. ಯೋನಾ ಸರಿಯಾಗಿಯೇ ಒತ್ತಿದ್ದ, ಆದರೂ ಅವು ಕಾಯುತ್ತಲೇ ಇದ್ದವು.

"ಅಲ್ಲಿ ನಾ ತಪ್ಪತಿದ್ದೆ" ಎಂದಳು ಹನ್ನಾ, ಸ್ವಲ್ಪ ನಾಚಿಕೊಂಡು.

ಸುಗಂಧಾ ತನ್ನ ಕೈಗಳನ್ನೇ ನೋಡಿದಳು. ತನ್ನದೇ ಬೆರಳುಗಳಲ್ಲಿ ಅತ್ತೆ ಕಾಯುತ್ತಿದ್ದಳು. ಅವಸರವಿಲ್ಲ, ಬೈಗುಳವಿಲ್ಲ. ಆ ಬಿರುಸು ಮುದುಕಿಯಲ್ಲಿ ಇಷ್ಟು ಸಮಾಧಾನ ಇತ್ತೆಂದು ಅವಳಿಗೆ ಯಾರು ಹೇಳಬೇಕಿತ್ತು?

ಕರ್ಚಿಕಾಯಿ ಮುಗಿದೊಡನೆ ತೋರುಬೆರಳು ಮೇಲೆದ್ದು ಯೋನಾನ ಹಣೆಗೆ ಹಿಟ್ಟು ಮೆತ್ತಿತು.

"ಹಣೀಗಲ್ಲ, ಮೂಗಿಗೆ!" ಎಂದು ಹನ್ನಾ ಓಡಿಹೋಗಿ, ಗೋದಲಿಯ ಕೆಳಗಿನ ಹಲಗೆಯನ್ನೇ ಕಿತ್ತು ತಂದು ತಮ್ಮನ ಕಾಲಡಿಗೆ ಇಟ್ಟಳು. ಐದು ಕಾಲಿನ ಕತ್ತೆ ಪಡಸಾಲೆಯಲ್ಲಿ ಉರುಳಿತು, ಯಾರೂ ಗಮನಿಸಲಿಲ್ಲ. ಮುಂದಿನ ಕರ್ಚಿಕಾಯಿಗೆ ಬೆರಳು ಸರಿಯಾಗಿ ಮೂಗಿನ ತುದಿಗೆ ಬಂದು ಕೂತಿತು. ಯೋನಾ ಸೀನಿದ.

"ಕೈಯಾಗ ಬೆಣ್ಣಿ ಇಟಗೊಂಡು ತುಪ್ಪಕ್ಕ ಊರೆಲ್ಲಾ ತಿರಗಿಧಂಗಾತು ನಮ್ಮ ಸಂಶೋಧನಾ" ಎಂದು ಡಾ. ಅನಸೂಯಾ ಹನ್ನಾಳ ಕಡೆ ನೋಡಿ ನಕ್ಕರು.

ಸುಗಂಧಾ ಗವಸು ಕಳಚಿ ಬದಿಗಿಟ್ಟಳು. ಮೆಲ್ಲಗೆ ಕೇಳಿದಳು: "ನನಗ ಕಲಸ್ತಿ ಏನವಾ?"

ಹನ್ನಾ ಅವ್ವನ ಕೈಯನ್ನು ತಿರುಗಿಸಿ ನೋಡಿದಳು. ಅದು ಅವಳ ಹಿಡಿಯೊಳಗೆ ಹಿಡಿಸುವಂತಿರಲಿಲ್ಲ. ಎರಡೂ ಕೈಗಳಿಂದ ಹೇಗೋ ಸುತ್ತುವರಿದು ಹಿಡಿದುಕೊಂಡಳು. ಒತ್ತಿ ತಿರುವಿ, ಒತ್ತಿ ತಿರುವಿ, ನಡುವೆ ಸುಗಂಧಾಳ ಹೆಬ್ಬೆರಳು ಜಾರಿ ಹೂರಣ ಹೊರಬಂತು. ಹನ್ನಾ ಬಯ್ಯಲಿಲ್ಲ. ಬಹಳ ಹೊತ್ತು ಕಾದಳು. ಹಿಂದೆ ಸರಿದು ಮತ್ತೆ ಒತ್ತಿಸಿದಳು. ಅಂಚು ಸೊಟ್ಟಪಟ್ಟ ಮುಗಿದಾಗ, ಹಿಟ್ಟಿನ ತೋರುಬೆರಳೊಂದು ಎದ್ದು ಸುಗಂಧಾಳ ಮೂಗಿನ ತುದಿಯನ್ನು ಮೆಲ್ಲಗೆ ತಟ್ಟಿತು.