ಬಿರುಕಿನ ಮೇಲಿನ ಹೆಸರು

“ಎಲ್ಲಾ ನೋಡಿ ಸಾರ್. ಚಾವಣಿ ಹತ್ತಿ, ಚರಂಡಿ ಬಗ್ಗಿ ನೋಡಿ, ನಾನು ಬೇಡ ಅನ್ನಲ್ಲ. ಒಳಕೋಣೆ ಗೋಡೆ ಮೇಲಿರೋ ಗಾಜಿನ ಪಟ್ಟಿಗೆ ಮಾತ್ರ ಕೈ ಹಚ್ಚಬೇಡಿ.”

ಮನೆ ಮಾರಲು ಹೊರಟಿದ್ದ ಮುದುಕ ಟೈಲರ್ ಹೀಗೆಂದಾಗ ತಟ್ಟಪ್ಪನಿಗೆ ನಗು ತಡೆಯಲಾಗಲಿಲ್ಲ. ತಟ್ಟಪ್ಪ ಎನ್ನುವುದು ಅವನ ಹೆತ್ತವರು ಇಟ್ಟ ಹೆಸರಲ್ಲ. ಕೊಳ್ಳುವವರ ಪರವಾಗಿ ಮನೆ ಪರೀಕ್ಷಿಸಿ ವರದಿ ಬರೆದುಕೊಡುವುದು ಅವನ ಕಸುಬು. ಹೋದ ಮನೆಯ ಗೋಡೆಗಳನ್ನೆಲ್ಲ ಬೆರಳ ಗೆಣ್ಣಿನಿಂದ ತಟ್ಟಿ, ಗಿಲಾವು ಗಟ್ಟಿಯೋ ಪೊಳ್ಳೋ ಎಂದು ಕಿವಿಗೊಟ್ಟು ಹೇಳಿಬಿಡುತ್ತಿದ್ದ. ಅದಕ್ಕೆ ಜೊತೆಯವರು ಇಟ್ಟ ಅಡ್ಡಹೆಸರು. ಹದಿನೆಂಟು ವರ್ಷದಲ್ಲಿ ಎಂಥೆಂಥ ಮಾರುವವರನ್ನು ಕಂಡಿದ್ದ ಪುಣ್ಯಾತ್ಮ! ತೇವದ ಗೋಡೆಗೆ ಬೀರು ಒತ್ತರಿಸಿ ನಿಲ್ಲಿಸಿದವರು, ಗೆದ್ದಲು ತಿಂದ ಚೌಕಟ್ಟಿಗೆ ಮೇಣ ಮೆತ್ತಿ ಬಣ್ಣ ಬಳಿದವರು, ಸೋರುವ ಕೋಣೆಯ ಬೀಗದ ಕೈ ಕಳೆದುಹೋಗಿದೆ ಎಂದವರು. ಗಾಜಿನ ಪಟ್ಟಿ ಮುಟ್ಟಬೇಡಿ ಎಂದವನು ಮಾತ್ರ ಇವನೇ ಮೊದಲು.

“ಯಾಕೆ ಯಜಮಾನ್ರೇ, ಮುಟ್ಟಿದ್ರೆ ದೆವ್ವ ಬರುತ್ತಾ?”

“ದೆವ್ವ ಅಲ್ಲ, ಮಾಟ. ಪಾಲಿನ ಜಗಳದಲ್ಲಿ ನಮ್ಮಣ್ಣ ಮಾಡಿಸಿದ್ದು. ಆ ಬಿರುಕಿನ ಮೇಲೆ ಯಾರ ಹೆಸರು ಕೂತಿರುತ್ತೋ, ಗೋಡೆ ಅಲುಗಿದಾಗ ಗಾಜಿನ ಬದಲು ಅವರ ಮೈ ಬಿರಿಯುತ್ತೆ. ಈಗ ಕೂತಿರೋದು ನಂದು. ಇಪ್ಪತ್ತು ವರ್ಷ ಆಯ್ತು. ಹಾಗೇ ಇರ್ಲಿ ಬಿಡಿ.”

ಮಾತಾಡುತ್ತಿದ್ದಂತೆ ಮುದುಕನ ಕೆಳತುಟಿಯ ಸೀಳಿನಲ್ಲಿ ರಕ್ತದ ಹನಿ ಮೂಡಿತು. ಎರಡೂ ಅಂಗೈಗೆ ಹಳೇ ಲಂಗದ ಬಟ್ಟೆ ಸುತ್ತಿಕೊಂಡಿದ್ದ. ಬಟ್ಟೆ ಸರಿದ ಕಡೆ ಮಣಿಕಟ್ಟಿನಿಂದ ಬೆರಳ ಬುಡದವರೆಗೆ ಕೆಂಪಗೆ ಬಾಯಿಬಿಟ್ಟ ಗಾಯ ಕಾಣುತ್ತಿತ್ತು. ತಟ್ಟಪ್ಪ ಅದನ್ನು ನೋಡಿ, “ಒಳ್ಳೆ ಚರ್ಮದ ಡಾಕ್ಟರಿಗೆ ತೋರ್ಸಿ” ಎಂದು ಪುಕ್ಕಟೆ ಸಲಹೆ ಕೊಟ್ಟು, ಮೇನ್ ಸ್ವಿಚ್ ಆರಿಸಿ, ಟಾರ್ಚು ಹಿಡಿದು ಒಳಗೆ ನಡೆದ.

ಬೇರೆ ಯಾರಿಗೋ ಆಗಿದ್ದರೆ ಇಷ್ಟೊತ್ತಿಗೆ ವರದಿ ಮುಗಿಸಿ ಮನೆ ಸೇರುತ್ತಿದ್ದನೇನೋ. ಈ ಮನೆ ನೋಡುತ್ತಿದ್ದದ್ದು ಅವನ ತಂಗಿಗೆ. ಅಪ್ಪ ಅಮ್ಮ ಹೋದಾಗ ಆಕೆಗೆ ಏಳು ವರ್ಷ. ಜಡೆ ಹಾಕಿ, ಲೆಕ್ಕ ಹೇಳಿಕೊಟ್ಟು, ಕತ್ತಲೆಗೆ ಹೆದರಿದರೆ ದೀಪ ಆರಿಸಿ ಪಕ್ಕದಲ್ಲೇ ಕೂತು ಧೈರ್ಯ ತುಂಬಿ ಬೆಳೆಸಿದವನು ಇವನೇ. ಮದುವೆಯಾದ ಮೇಲೆ ಆಕೆಗೆ ಎರಡು ಬಸಿರು ಕೈತಪ್ಪಿ, ಮೂರನೆಯದು ನಿಂತಿತ್ತು. ಈಗ ಎಂಟು ತಿಂಗಳು. ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಮೆಟ್ಟಿಲು ಹತ್ತಲಾಗದೆ ಏದುಸಿರು ಬಿಡುತ್ತಿದ್ದಳು. ಈ ಮನೆ ನೆಲಮಟ್ಟದ್ದು, ಬೆಲೆಯೂ ಸಲೀಸು. ಮುದುಕನ ಷರತ್ತು ಒಂದೇ: ಸಾಯುವವರೆಗೆ ಹಿಂದಿನ ಕೋಣೆ ತನಗೆ ಬೇಕು. ಒಂದು ರಾತ್ರಿಗಿಂತ ಹೆಚ್ಚು ಆ ಗೋಡೆ ಬಿಟ್ಟಿರಲು ಆಗುವುದಿಲ್ಲವಂತೆ. “ಅಣ್ಣ, ನೀನು ಹ್ಞೂಂ ಅಂದ್ರೆ ಇವತ್ತೇ ಮಾತು ಮುಗಿಸ್ತೀವಿ” ಎಂದು ಬೆಳಿಗ್ಗೆ ತಂಗಿ ಫೋನಿನಲ್ಲಿ ಹೇಳಿದ್ದಳು. ಅವನ ಹ್ಞೂಂ ಎಂದರೆ ಆಕೆಗೆ ವೇದವಾಕ್ಯ.

ಮನೆ ಗಟ್ಟಿಯಾಗಿತ್ತು. ಚಾವಣಿಯ ತೊಲೆಗಳು ನೆಟ್ಟಗಿದ್ದವು, ಬಚ್ಚಲಿನ ನೀರು ಗಟಗಟನೆ ಇಳಿಯಿತು, ಕಿಟಕಿಗಳು ಚೌಕಟ್ಟಿನಲ್ಲಿ ಸರಿಯಾಗಿ ಕೂತಿದ್ದವು. ತಟ್ಟಪ್ಪ ತಟ್ಟಿದ ಗೋಡೆಗಳೆಲ್ಲ ಠಣ್ ಠಣ್ ಎಂದು ಗಟ್ಟಿ ದನಿಯಲ್ಲಿ ಉತ್ತರಿಸಿದವು. ಉಳಿದದ್ದು ಒಳಕೋಣೆಯೊಂದೇ.

ಹೊರಗೆ ಮಟಮಟ ಮಧ್ಯಾಹ್ನ. ಆ ಕೋಣೆಗೆ ಕಿಟಕಿಯಿಲ್ಲ. ಬಾಗಿಲು ದೂಡಿದಾಗ ಹಸಿ ಸುಣ್ಣದ ವಾಸನೆ ಮುಖಕ್ಕೆ ಹೊಡೆಯಿತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಸುಟ್ಟ ಕೂದಲಿನದು. ಬೀದಿಯ ವಾಹನಗಳ ಸದ್ದು ಹೊಸ್ತಿಲಲ್ಲೇ ನಿಂತುಹೋಯಿತು. ಟಾರ್ಚಿನ ಬೆಳಕು ಎದುರಿನ ಗೋಡೆಯ ಮೇಲೆ ಬಿತ್ತು. ನೆಲದಿಂದ ಎದೆಮಟ್ಟದವರೆಗೆ ಎದ್ದ ಬಿರುಕು. ಅದಕ್ಕೆ ಅಡ್ಡಲಾಗಿ, ಎರಡೂ ತುದಿಗೆ ಗಾರೆ ಮೆತ್ತಿ ಕೂರಿಸಿದ ಬೆರಳಗಲದ ಗಾಜಿನ ಪಟ್ಟಿ. ಮೇಲೆ ಕಪ್ಪಕ್ಷರದಲ್ಲಿ ಒಂದು ಹೆಸರು, ಒಂದು ತಾರೀಖು.

ತಟ್ಟಪ್ಪ ಜೋರಾಗಿ ನಕ್ಕ. ಅಯ್ಯೋ ಮಂಕೇ, ಇದಾ ಮಾಟ! ಅವನೇ ನೂರಾರು ಮನೆಗಳಲ್ಲಿ ಇಂಥ ಪಟ್ಟಿ ಕೂರಿಸಿದ್ದ. ಬಿರುಕು ಇನ್ನೂ ಅಗಲವಾಗುತ್ತಿದೆಯೋ, ಅಲ್ಲೇ ನಿಂತಿದೆಯೋ ತಿಳಿಯಲು ಪರೀಕ್ಷಕರು ಮಾಡುವ ಉಪಾಯ ಅದು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ, ಅಲುಗದಿದ್ದರೆ ಇಡಿಯಾಗಿರುತ್ತದೆ. ಮೇಲೆ ಪರೀಕ್ಷೆ ಮಾಡಿಸಿದವರ ಹೆಸರು ಮತ್ತು ತಾರೀಖು ಬರೆಯುವುದು ರೂಢಿ. ಯಾರೋ ಹಳೆಯ ಪರೀಕ್ಷಕ ಕೂರಿಸಿ ಹೋದದ್ದನ್ನು ಈ ಮುದುಕ ತನ್ನ ಚರ್ಮರೋಗಕ್ಕೆ ಗಂಟುಹಾಕಿಕೊಂಡಿದ್ದಾನೆ, ಪಾಪ.

ಒಂದು ಸಂಗತಿ ಮಾತ್ರ ಅವನ ಹುಬ್ಬು ಗಂಟಿಕ್ಕಿಸಿತು. ಹಳೆಯ ಬಿರುಕಿನೊಳಗೆ ಧೂಳು, ಜೇಡನ ನೂಲು, ಬಣ್ಣದ ಚೂರು ಇರಬೇಕು. ಇದರ ಅಂಚು ಈಗತಾನೇ ಒಡೆದ ತೆಂಗಿನಕಾಯಿಯ ಹಾಗೆ ಬೆಳ್ಳಗೆ, ಚೂಪಾಗಿತ್ತು. ಗೋಡೆ ನಿನ್ನೆ ಮೊನ್ನೆ ಅಲುಗಿದೆ. ಗಾಜು ಇಪ್ಪತ್ತು ವರ್ಷದಿಂದ ಇಡಿಯಾಗಿದೆ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲ. ಅವನು ಬಿರುಕಿನ ಪಕ್ಕ ಗೆಣ್ಣಿನಿಂದ ತಟ್ಟಿದ. ಗಟ್ಟಿಯೂ ಅಲ್ಲದ, ಪೊಳ್ಳೂ ಅಲ್ಲದ ಮೆತ್ತನೆಯ ಸದ್ದು. ಗೋಡೆ ಬೆಚ್ಚಗಿತ್ತು.

‘ಗಾಜು ನಕಲಿ ಇರಬೇಕು, ಪ್ಲಾಸ್ಟಿಕ್ಕು’ ಎಂದುಕೊಂಡ. ತಂಗಿಯನ್ನು ಗುಮಾನಿಯ ಗೋಡೆಯ ಪಕ್ಕ ಮಲಗಿಸಲು ಅವನೇನು ಹೊರಗಿನವನೇ? ಚೀಲದಿಂದ ಉಳಿ ತೆಗೆದು ಒಂದೇ ಏಟಿಗೆ ಹಳೆಯ ಪಟ್ಟಿ ಎಬ್ಬಿಸಿದ. ಅದು ನೆಲಕ್ಕೆ ಬಿದ್ದು ಚೂರಾಯಿತು. ಗಾಜೇ. ತನ್ನ ಹೊಸ ಪಟ್ಟಿಯನ್ನು ಬೇಗ ಗಟ್ಟಿಯಾಗುವ ಗಾರೆಯಲ್ಲಿ ಕೂರಿಸಿ, ಮಾರ್ಕರಿನ ಮುಚ್ಚಳ ಕಚ್ಚಿ ತೆಗೆದು, ಕೈಗೆ ರೂಢಿಯಾದ ಹಾಗೆ ಪರೀಕ್ಷೆ ಮಾಡಿಸಿದವರ ಹೆಸರು ಬರೆದ. ತಂಗಿಯ ಪೂರ್ತಿ ಹೆಸರು. ಕೆಳಗೆ ಅವತ್ತಿನ ತಾರೀಖು.

ಬೆನ್ನ ಹಿಂದೆ ಏನೋ ನೆಲಕ್ಕೆ ಬಿತ್ತು.

ತಿರುಗಿದರೆ ಹೊಸ್ತಿಲಲ್ಲಿ ಟೈಲರ್. ಸುತ್ತಿದ್ದ ಬಟ್ಟೆ ಕಳಚಿ ಪಾದದ ಬಳಿ ಬಿದ್ದಿತ್ತು. ಅಂಗೈಗಳನ್ನು ಮುಖದ ಹತ್ತಿರ ಹಿಡಿದು ನೋಡುತ್ತಿದ್ದ. ಆ ಅಂಗೈಗಳಲ್ಲಿ ಸೀಳಿಲ್ಲ, ಕಲೆಯಿಲ್ಲ. ತುಟಿ ಕೂಡಿಕೊಂಡಿತ್ತು.

“ಯಾರ ಹೆಸರು ಬರ್ದ್ರಿ?” ಮುದುಕ ತಲೆಯೆತ್ತಿ ಕೇಳಿದ. “ಸಾರ್... ಯಾರ ಹೆಸರು?”

ಜೇಬಿನಲ್ಲಿ ಫೋನು ಮೊಳಗಿತು. ತಂಗಿ.

“ಅಣ್ಣ, ಏನೋ ಆಗ್ತಿದೆ. ತುಟಿ ತಾನಾಗೇ ಒಡೀತು. ಹಿಮ್ಮಡೀನೂ ಒಡೀತು. ರಕ್ತ... ಇವರೂ ಊರಲ್ಲಿಲ್ಲ. ಅಣ್ಣ, ಭಯ ಆಗ್ತಿದೆ.”

“ಪುಟ್ಟೀ, ಕೂತ್ಕೋ. ಅಲ್ಲಾಡಬೇಡ. ಪಕ್ಕದ ಮನೆಯವರನ್ನ ಕರಿ.” ಹೇಳುತ್ತಲೇ ಅವನ ಕಣ್ಣು ಗೋಡೆಗೆ ಹೋಯಿತು. ಎದೆಮಟ್ಟಕ್ಕೆ ನಿಂತಿದ್ದ ಬಿರುಕು ಒಂದು ಗೇಣು ಮೇಲೇರಿತ್ತು. ಟಿಕ್. ಇನ್ನೊಂದು ಬೆರಳಷ್ಟು. ಟಿಕ್. ಗಾಜು ಮಾತ್ರ ಇಡಿಯಾಗಿಯೇ ಇತ್ತು.

“ಅಣ್ಣಾ! ಹೊಟ್ಟೆ ಮೇಲೆ ಗೆರೆ! ಹೊಕ್ಕಳ ಹತ್ರದಿಂದ... ಮೇಲಕ್ಕೆ ಓಡ್ತಿದೆ ಅಣ್ಣಾ!”

ಟಿಕ್.

ಅವನ ಹದಿನೆಂಟು ವರ್ಷದ ವಿದ್ಯೆ, ಮೀಟರು, ಅಳತೆ, ಗೇಲಿ ಎಲ್ಲವೂ ಗಾಳಿಗೆ ಹಾರಿಹೋಯಿತು. ಅಷ್ಟು ಭಯ ಅವನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಅಂಗಿಯ ತೋಳಿನಿಂದ ಗಾಜನ್ನು ಗಸಗಸ ಉಜ್ಜಿದ. ಹೆಸರು ಅಳಿಸಿಹೋಯಿತು. ಫೋನಿನಲ್ಲಿ ಕಿರುಚಾಟ ನಿಲ್ಲಲಿಲ್ಲ.

“ಅಳಿಸಿದ್ರೆ ಬಿಡಲ್ಲ,” ಮುದುಕ ಹೊಸ್ತಿಲಾಚೆಯಿಂದಲೇ ಹೇಳಿದ. “ಅದರ ಮೇಲೆ ಇನ್ನೊಂದು ಹೆಸರು ಕೂರಬೇಕು. ಬದುಕಿರೋರ್ದು.”

“ನಿಮ್ಮದು ಬರೀರಿ! ಕೈ ಮುಗೀತೀನಿ ಯಜಮಾನ್ರೇ, ಬಸುರಿ ಅವಳು! ಕಾಲಿಗೆ ಬೀಳ್ತೀನಿ!”

ಮುದುಕ ತನ್ನ ಅಂಗೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. “ಇಪ್ಪತ್ತು ವರ್ಷ ಸಾರ್. ಸೂಜಿ ಹಿಡಿದಿಲ್ಲ. ನಕ್ಕಿಲ್ಲ. ನಾನು ಮೊದ್ಲೇ ಹೇಳಿದ್ನಲ್ಲಾ... ನನ್ನ ಕೈಲಾಗಲ್ಲ.” ಒಂದು ಹೆಜ್ಜೆ ಹಿಂದೆ ಸರಿದ.

ತಟ್ಟಪ್ಪ ನೆಲಕ್ಕೆ ಬಿದ್ದು ಗಾಜಿನ ಚೂರುಗಳನ್ನು ಬಾಚಿಕೊಂಡ. ಹಳೆಯ ಹೆಸರು ಇನ್ನೂ ಓದುವ ಹಾಗಿತ್ತು. ಎದ್ದು, ಮುದುಕನ ಮುಖ ನೋಡದೆ, ಅವನ ಹೆಸರನ್ನು ಹೊಸ ಪಟ್ಟಿಯ ಮೇಲೆ ಬರೆದೇಬಿಟ್ಟ. ನಾಚಿಕೆಪಡಲು ಪುರುಸೊತ್ತಿರಲಿಲ್ಲ. ಶಾಯಿ ಗಾಜಿಗೆ ಹಿಡಿಯಲಿಲ್ಲ. ಎಣ್ಣೆಯ ಮೇಲೆ ಚೆಲ್ಲಿದ ನೀರಿನಂತೆ ಹನಿಹನಿಯಾಗಿ ಒಡೆದು ಕೆಳಗೆ ಜಾರಿತು. ಮತ್ತೆ ಬರೆದ. ಮತ್ತೆ ಜಾರಿತು. ಒಮ್ಮೆ ಬಿಟ್ಟವನನ್ನು ಅದು ಮತ್ತೆ ಒಲ್ಲೆ ಎನ್ನುತ್ತಿತ್ತು.

“ಅಣ್ಣಾ... ಮಗು ಒದೀತಾ ಇಲ್ಲ ಅಣ್ಣಾ...”

ಬಿರುಕು ಅವನ ಹಣೆಯ ಮಟ್ಟ ದಾಟಿತು. ಬೇರೆ ಯಾರದಾದರೂ ಬರೆ. ಯಾರದಾದರೂ! ತಲೆಯಲ್ಲಿ ಹೆಸರುಗಳು ನುಗ್ಗಿ ಬಂದವು. ಕೆಲಸ ಕಿತ್ತುಕೊಂಡ ಜೊತೆಗಾರ. ಮೆಟ್ಟಿಲ ಮೇಲೆ ಕಸ ಸುರಿಯುವ ನೆರೆಯವಳು. ತಂಗಿಯನ್ನು ಒಂಟಿಯಾಗಿ ಬಿಟ್ಟು ಊರೂರು ಸುತ್ತುವ ಭಾವ. ಭಾವನ ಹೆಸರಿನ ಮೊದಲಕ್ಷರವನ್ನು ಕೈ ಬರೆದೇಬಿಟ್ಟಿತ್ತು. ಆ ಅಕ್ಷರ ಗಾಜಿಗೆ ಗಟ್ಟಿಯಾಗಿ ಹಿಡಿದುಕೊಂಡಿತು. ಇದು ಆಗುತ್ತದೆ. ಇದು ಕೂರುತ್ತದೆ! ಆದರೆ ಆ ಮಗುವಿಗೆ ಅಪ್ಪ? ಉಜ್ಜಿದ. ಟಿಕ್. ಟಿಕ್. ಟಿಕ್. ಫೋನಿನಲ್ಲಿ ಮಾತಿಲ್ಲ, ಬರೀ ಉಸಿರು.

ತನ್ನ ಹೆಸರು ಬರೆದ.

ಸದ್ದು ನಿಂತಿತು. ಬಿರುಕು ನಿಂತಿತು. ಎಡ ಅಂಗೈಯೊಳಗೆ ಯಾರೋ ಕಾದ ತಂತಿ ಎಳೆದ ಹಾಗಾಯಿತು. ಅವನು ಹಲ್ಲು ಕಚ್ಚಿ ನೋಡಿದ. ಚರ್ಮ ಬುಡದಿಂದ ಬೆರಳವರೆಗೆ ಮೆಲ್ಲಗೆ, ನೆಟ್ಟಗೆ ಬಿರಿಯುತ್ತಿತ್ತು.

“ಅಣ್ಣ?” ಫೋನಿನಲ್ಲಿ ತಂಗಿ. “ನಿಂತ್ಹೋಯ್ತು. ಗೆರೆನೇ ಇಲ್ಲ. ಮಗು ಒದೀತು ಅಣ್ಣ. ಕೇಳಿಸ್ತಾ? ಒದೀತು.”

“ಕೇಳಿಸ್ತು ಪುಟ್ಟಿ,” ಎಂದ ತಟ್ಟಪ್ಪ. “ಈ ಮನೆ ಬೇಡ. ಬೇರೆ ನೋಡೋಣ.”

ಸಂಜೆಯೊಳಗೆ ಮುದುಕ ಒಂದು ಚೀಲ ಹಿಡಿದು ಹೊರಟುಹೋದ, ಹಿಂತಿರುಗಿಯೂ ನೋಡಲಿಲ್ಲ. ತಟ್ಟಪ್ಪ ಆ ರಾತ್ರಿ ತನ್ನ ಮನೆಗೆ ಹೋದ. ಎರಡನೆಯ ರಾತ್ರಿಯೂ ಅಲ್ಲೇ ಮಲಗಿದಾಗ ಕೊರಳಿನ ಎಲುಬಿನಿಂದ ಎದೆಯ ನಡುವಿನವರೆಗೆ ಸೀಳು ಬಾಯಿಬಿಟ್ಟಿತು. ಬೆಳಗಾಗುವ ಮುಂಚೆ ತೆವಳಿಕೊಂಡು ಆ ಗೋಡೆಗೆ ವಾಪಸಾದ. ತಿಂಗಳಲ್ಲಿ ಆ ಮನೆ ಅವನ ಹೆಸರಿಗಾಯಿತು. ತಂಗಿಗೆ ‘ಬೇಡ’ ಎಂದು ಹೇಳಿದ ಮನೆಯನ್ನು ಅಣ್ಣ ತಾನೇ ಕೊಂಡುಕೊಂಡ ಎಂಬ ಸುದ್ದಿಗೆ ಕಾಲು ಬರಲು ಎಷ್ಟು ಹೊತ್ತು?

ಆಕೆ ಬಂದಳು. ಹೆರಿಗೆಯಾಗಿ ನಲವತ್ತು ದಿನ. ಎದೆಗವಚಿದ ಬಟ್ಟೆಯ ಗಂಟಿನೊಳಗೆ ಕೂಸು. ಹೊಸ್ತಿಲ ಹೊರಗೇ ನಿಂತು ಕೇಳಿದಳು.

“ನಿಂಗೆ ಬೇಕು ಅನ್ನಿಸಿದ್ರೆ ಬಾಯಿಬಿಟ್ಟು ಕೇಳ್ಬೇಕಿತ್ತು. ಮೋಸ ಯಾಕೆ ಮಾಡ್ದೆ?”

ಅವನು ಬಟ್ಟೆ ಸುತ್ತಿದ ಕೈ ಚಾಚಿ, ನಡೆದದ್ದನ್ನೆಲ್ಲ ಹೇಳಿದ. ಒಂದಕ್ಷರವನ್ನೂ ಬಿಡಲಿಲ್ಲ. ಆಕೆ ಕೇಳುತ್ತಾ ಕೇಳುತ್ತಾ ನಕ್ಕಳು; ಅದು ಅವನದೇ ನಗು.

“ಮಾಟ ಅಂತೆ! ಮಾಟ ಗೀಟ ಎಲ್ಲಾ ಬುರುಡೆ ಅಂತ ನಂಗೆ ಹೇಳಿಕೊಟ್ಟೋನು ಯಾರಣ್ಣ? ಆವತ್ತು ಏನಾಯ್ತು ಅಂತ ಡಾಕ್ಟರು ಹೇಳಿದ್ರು, ಚರ್ಮ ಎಳೆದು ಹಾಗಾಗುತ್ತಂತೆ. ಸುಳ್ಳಾದ್ರೂ ನೆಟ್ಟಗೆ ಹೇಳು.”

ಅವನು ಬಾಯಿ ತೆರೆದ. ತುಟಿ ಸೀಳಿ ರಕ್ತ ಬಂತು. ಅದನ್ನು ಕಂಡು ಆಕೆಯ ಮುಖ ಮೆತ್ತಗಾಯಿತು. ಎಷ್ಟಾದರೂ ಜಡೆ ಹಾಕಿದ ಕೈ ಅದು.

“ಹೋಗ್ಲಿ ಬಿಡು. ಮನೆ ಹಾಳಾಗ್ಲಿ. ಸೋದರಮಾವ ಅಲ್ವಾ, ಇವಳನ್ನ ಒಂದ್ಸಲ ಎತ್ಕೋ. ಹೆಸರಿಟ್ವಿ ಕಣೋ. ಏನು ಗೊತ್ತಾ? ನಿಂಗೆ ಇಷ್ಟವಾಗೋ ಹೆಸರೇ...”

ತಟ್ಟಪ್ಪ ಬಾಗಿಲಿಗೆ ಕೈ ಹಾಕಿದ. ಪ್ರತಿ ರಾತ್ರಿ ನೋವು ತಡೆಯಲಾಗದೆ, ಎದ್ದು ಮಾರ್ಕರು ಹಿಡಿದು ಗೋಡೆಯ ಮುಂದೆ ನಿಲ್ಲುತ್ತಿದ್ದವನು ಅವನು. ಗೊತ್ತಿರುವ ಹೆಸರನ್ನೆಲ್ಲ ಒಂದೊಂದಾಗಿ ನೆನೆಯುತ್ತಿದ್ದವನು. ಇಲ್ಲಿಯವರೆಗೆ ಬರೆದಿರಲಿಲ್ಲ. ನಾಳೆಯ ರಾತ್ರಿಗೆ ಅವನೇ ಜವಾಬ್ದಾರನಾಗಲಾರ. ಗೊತ್ತಿಲ್ಲದ ಹೆಸರನ್ನು ಮಾತ್ರ ಅವನ ಕೈ ಬರೆಯಲಾರದು.

ಆಕೆಯ ಮುಖದ ಮೇಲೆಯೇ ಬಾಗಿಲು ಬಡಿದ. ಚಿಲಕ ಹಾಕಿದ. ಬಿರಿದ ಅಂಗೈಗಳಿಂದ ಎರಡೂ ಕಿವಿ ಒತ್ತಿ ಮುಚ್ಚಿ, ಏನೂ ಕೇಳಿಸದ ಹಾಗೆ ಹುಚ್ಚನಂತೆ ಕೂಗತೊಡಗಿದ. ಹೊರಗೆ ಕೂಸು ಬೆಚ್ಚಿ ಅಳುತ್ತಿತ್ತು. ತಂಗಿ ಬಾಗಿಲು ಬಡಿದಳು, ಮತ್ತೆ ಬಡಿದಳು, ಆಮೇಲೆ ಬಡಿಯಲಿಲ್ಲ.